ಫಿನಾಯಿಲ್ ಟೀಚರ್‌ಗೆ ಹತ್ತಿದ ಹುಳ

ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಶಿಶುವಿಹಾರ ನಡೆಸುತ್ತಿದ್ದಳು. ಬೆನ್ನ ಹಿಂದೆ ಎಲ್ಲರಿಗೂ ಅವಳು ಫಿನಾಯಿಲ್ ಟೀಚರ್. ಬಾಗಿಲ ಹಿಡಿಯನ್ನೂ ಒರೆಸಿಯೇ ಮುಟ್ಟುವವಳು. ಬೇರೆಯವರ ಮನೆಗೆ ಹೋದರೆ ಕುರ್ಚಿಯ ತುದಿಯಲ್ಲಷ್ಟೇ ಕೂರುತ್ತಿದ್ದಳು, ಕುರ್ಚಿಗೇ ಉಪಕಾರ ಮಾಡಿದ ಹಾಗೆ. ಶಿಶುವಿಹಾರದಲ್ಲಿ ಮಕ್ಕಳಿಗೆ ಉಣಿಸಿ ಮಲಗಿಸುವುದು ನನ್ನ ಕೆಲಸ.

ಒಂದು ಮಧ್ಯಾಹ್ನ ಬಸ್ ಡ್ರೈವರನ ಪುಟ್ಟ ಮಗಳು ನಿದ್ದೆ ಮಾಡದೆ ಹೊರಳಾಡುತ್ತ ಹಿಂಭಾಗ ಕೆರೆದುಕೊಳ್ಳುತ್ತಿದ್ದಳು. ಅತ್ತಿಗೆ "ಹುಳ!" ಎಂದು ಕಿರುಚಿ ಮಗುವನ್ನು ಗೇಟಿನಾಚೆ ನಿಲ್ಲಿಸಿದಳು. ಕರೆದುಕೊಂಡು ಹೋಗಲು ಬಂದ ತಾಯಿಗೆ ಬೀದಿಗೆಲ್ಲ ಕೇಳುವಂತೆ ಹೇಳಿದಳು: "ನಿಮ್ಮ ಮನೆ ಹೊಲಸು ನಿಮ್ಮ ಮನೇಲೇ ಇರ್ಲಿ. ನಾಳೆಯಿಂದ ಇವಳನ್ನ ಕರ್ಕೊಂಡು ಬರಬೇಡಿ."

ಆ ತಾಯಿ ಮಗುವನ್ನೆತ್ತಿಕೊಂಡು ಹೋದಳು.

ಉಳಿದ ಅಪ್ಪ ಅಮ್ಮಂದಿರು ಗಾಬರಿಯಾದರೆಂದು ಅತ್ತಿಗೆ ಮಕ್ಕಳ ಡಾಕ್ಟರಮ್ಮನನ್ನು ಕರೆಸಿದಳು. ಅವರು ಸಮಾಧಾನವಾಗಿ ಹೇಳಿದರು: "ಮಕ್ಕಳಿರೋ ಕಡೆ ಈ ಹೊಟ್ಟೆಹುಳ ನೆಗಡಿಯಷ್ಟೇ ಮಾಮೂಲು. ಒಂದಕ್ಕಿದ್ರೆ ಈ ಕೋಣೇಲಿ ಇನ್ನೂ ಮೂರ್ನಾಲ್ಕಕ್ಕೆ ಇರುತ್ತೆ. ಉಗುರಲ್ಲಿ, ಹೊದಿಕೇಲಿ ಅದರ ಮೊಟ್ಟೆ ಇರುತ್ತೆ. ಬಂಗಲೆ, ಗುಡಿಸಲು ಅಂತ ನೋಡಲ್ಲ. ಮಕ್ಕಳು, ಅವರ ಮನೆಯವರು, ನೀವು, ಎಲ್ಲರೂ ಮಾತ್ರೆ ತಗೊಳ್ಳಿ."

"ನಮ್ಮಂಥವರಿಗೂನಾ?" ಅತ್ತಿಗೆ ನಕ್ಕಳು. ಅವರ ಬೆನ್ನು ತಿರುಗುತ್ತಲೇ, "ಮಾತ್ರೆ ಮಾರೋಕೆ ಒಂದು ನೆಪ" ಎಂದಳು.

ಮಕ್ಕಳ ಮನೆಯವರು ಮಾತ್ರೆ ನುಂಗಿದರು. ನಾನೂ ನುಂಗಿದೆ. ಕೆಲವು ವಾರ ಕಳೆದವು. ಪೋಷಕರ ಸಭೆಯಲ್ಲಿ ಅತ್ತಿಗೆ ಸ್ವಚ್ಛತೆಯ ಬಗ್ಗೆ ಭಾಷಣ ಬಿಗಿಯುತ್ತ, ಕುರ್ಚಿಯಲ್ಲಿ ಅತ್ತ ಸರಿದು ಇತ್ತ ಸರಿದು ಮುಳ್ಳಿನ ಮೇಲೆ ಕೂತವಳಂತೆ ಒದ್ದಾಡಿದಳು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಸುಮ್ಮನಿರುವುದರಲ್ಲೂ ಒಂದು ಸುಖವಿದೆ.

ಮರುದಿನ ಕಪ್ಪು ಕನ್ನಡಕ ಹಾಕಿಕೊಂಡು, ನನ್ನನ್ನೂ ಎಳೆದುಕೊಂಡು, ಊರಿನ ಆ ತುದಿಯ ಔಷಧಿ ಅಂಗಡಿಗೆ ಹೋದಳು.

"ನಮ್ಮ ನಾಯಿಗೆ ಹುಳದ ಮಾತ್ರೆ ಬೇಕು."

"ನಾಯಿ ಎಷ್ಟು ತೂಕ ಇದೆಯಮ್ಮ?"

ಅತ್ತಿಗೆ ತಬ್ಬಿಬ್ಬಾದಳು. "ಅರವತ್ತು ಕೆಜಿ" ಎಂದಳು. ಆ ಗಡಿಬಿಡಿಯಲ್ಲೂ ಎಂಟು ಕೆಜಿ ಇಳಿಸಿಯೇ ಹೇಳಿದ್ದಳು.

ಅಂಗಡಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಅಷ್ಟು ದೊಡ್ಡ ನಾಯಿಗೆ ಮನುಷ್ಯರ ಮಾತ್ರೆನೇ ಸರಿ. ಎರಡು ವಾರ ಬಿಟ್ಟು ಇನ್ನೊಂದು ಕೊಡಿ. ನಾಯಿ ಯಜಮಾನರಿಗೂ ಕೊಡೋದು ಮರೀಬೇಡಿ."

ನನಗೆ ಬಂದ ಕೆಮ್ಮನ್ನು ತಡೆಯಲಾಗಲಿಲ್ಲ.

ಅಣ್ಣನಿಗೆ ಅದನ್ನು ಶಕ್ತಿಯ ಮಾತ್ರೆ ಎಂದು ಕೊಟ್ಟಳು. ಅವನು ಕೇಳದೆ ನುಂಗಿದ. ಮದುವೆಯಾದಾಗಿನಿಂದ ಅವನು ಮಾಡುತ್ತ ಬಂದದ್ದೂ ಅದನ್ನೇ.

"ಆ ಮಗೂನ ವಾಪಸ್ ಕರೆಸೋಣ ಅತ್ತಿಗೆ" ಎಂದೆ.

"ಯಾಕೆ? ನನಗೆ ಹತ್ತಿದ್ದೇ ಅವರಿಂದ!"

ನಾನೇ ಡ್ರೈವರನ ಮನೆಗೆ ಹೋದೆ. ತಾಯಿ ನನ್ನನ್ನು ಒಳಗೆ ಕೂರಿಸಿ, "ಬೇರೆ ಕಡೆ ಸೇರಿಸಿದ್ದೀವಿ. ಅಲ್ಲಿಗೆ ಅಳದೆ ಹೋಗ್ತಾಳೆ" ಎಂದಳು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕಂತೆ ಎಂದೂ ಹೇಳಿದಳು.

ಮುಂದಿನ ತಿಂಗಳಿಂದ ನಾನು ಅಲ್ಲಿಗೇ ಕೆಲಸಕ್ಕೆ ಹೋಗತೊಡಗಿದೆ.