ಮಾಸ್ತರನ್ನು ಮಾತಾಡಿಸಲು ಬಂದವರು

ಅತ್ತೆ ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಮಾತಾಡಿಸಲು ಬಂದವರಿಗೆ ಪಡಸಾಲೆಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟು ನಾನು ಕಂಬಕ್ಕೆ ಒರಗಿ ಕೂರುತ್ತೇನೆ. ಬಂದವರು ಮೊದಲು ಅತ್ತೆಯ ಗುಣ ಹೇಳುತ್ತಾರೆ. ಆಮೇಲೆ ದನಿ ತುಸು ಇಳಿಸಿ, ನಾನು ಎದುರಿಗೇ ಇದ್ದರೂ ನನಗೆ ಕಿವಿ ಇಲ್ಲವೆಂಬಂತೆ ಹಳೆಯ ಮಾತಿಗೆ ಬರುತ್ತಾರೆ. ಜ್ವರದ ವರ್ಷ ಈ ಸೊಸೆ ಅತ್ತೆಯನ್ನು ಒಳಗೆ ಹಾಕಿ ಬಾಗಿಲು ಮುಚ್ಚಿ ಹೊಸ್ತಿಲ ಮೇಲೆ ಕೂತಿದ್ದಳಂತೆ. ಮಾತಾಡಿಸಲು ಬಂದ ಊರ ಮಂದಿಯನ್ನು ಅಂಗಳದಿಂದಲೇ ಹೊಳ್ಳಿ ಕಳಿಸಿದಳಂತೆ.

ಅಂತೆ ಏನು ಬಂತು, ಕಳಿಸಿದ್ದು ಹೌದು. ಯಾಕೆ ಕಳಿಸಿದೆ ಎಂಬುದನ್ನು ಮಾತ್ರ ಇಷ್ಟು ವರ್ಷ ಯಾರೂ ಕೇಳಲಿಲ್ಲ. ಕೇಳದಿದ್ದರೂ ಬರೆದಿಡುತ್ತೇನೆ.

ನಮ್ಮ ಕಮಲಾಪುರದಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ಮಾತಾಡಿಸಿ ಬರಬೇಕು. ಮದುವೆಗೆ ಬಾರದವರನ್ನು ಜನ ಕ್ಷಮಿಸುತ್ತಾರೆ, ಬೇನೆಗೆ ಬಾರದವರನ್ನು ಕ್ಷಮಿಸುವುದಿಲ್ಲ. ಬರಿಗೈಯಲ್ಲೂ ಹೋಗುವಂತಿಲ್ಲ. ನಮ್ಮೂರ ಕೆಂಪು ಬಾಳೆಹಣ್ಣು ದೂರದೂರಕ್ಕೆಲ್ಲ ಹೆಸರಾದದ್ದು, ಅದರ ಒಂದು ಚಿಪ್ಪಾದರೂ ಕೈಯಲ್ಲಿರಬೇಕು. ಬಾಳೆಹಣ್ಣು ಥಂಡಿ, ಜ್ವರದವರಿಗೆ ಕೊಡಬಾರದು ಎಂಬುದೂ ಎಲ್ಲರಿಗೂ ಗೊತ್ತು. ಆದ್ದರಿಂದ ಬಂದವರೇ ರೋಗಿಯ ಮಗ್ಗುಲಲ್ಲಿ ಕೂತು ಸುಲಿದು ತಿಂದು ಹೋಗುತ್ತಾರೆ.

ನಮ್ಮ ಮನೆಯವರು ಕಮಲಾಪುರದ ಸರ್ಕಾರಿ ಸಾಲೆಯಲ್ಲಿ ಮಾಸ್ತರರಾಗಿದ್ದರು. ನನಗೆ ಅಕ್ಷರ ಕಲಿಸಿದವರೂ ಅವರೇ. ಊರಿಗೆ ಹೆಣ್ಣುಮಕ್ಕಳ ಸಾಲೆಯೊಂದು ಮಂಜೂರಾಗಿತ್ತು. ಕಲಿಸುವುದಕ್ಕೆ ಹೆಂಗಸು ಸಿಗಲಿಲ್ಲವಾಗಿ ಆ ಸಾಲೆ ಮಂಜೂರಾತಿಯಲ್ಲೇ ವರ್ಷಾನುಗಟ್ಟಲೆ ನಡೆಯಿತು. ಒಬ್ಬ ಹುಡುಗಿಯೂ ಗೈರುಹಾಜರಾಗದ, ಒಬ್ಬಳೂ ನಾಪಾಸಾಗದ ಸಾಲೆ ಅದು. ನಾನು ಕಲಿತರೆ ಅದರ ಬಾಗಿಲು ತೆರೆಯಬಹುದೆಂದು ಇವರು ಸಂಜೆ ಹೊತ್ತು ನನ್ನನ್ನು ಕೂರಿಸಿಕೊಂಡು ಓದಿಸುತ್ತಿದ್ದರು.

ಆಗ ದೊಡ್ಡ ಲಡಾಯಿ ನಡೆದಿತ್ತು. ಎಲ್ಲಿ ನಡೆದಿದೆ ಎಂದು ಊರಲ್ಲಿ ಯಾರಿಗೂ ನೆಟ್ಟಗೆ ಗೊತ್ತಿರಲಿಲ್ಲ. ನಿಜಾಮರ ಸರ್ಕಾರ ಇಂಗ್ರೇಜರ ಕಡೆಗಿದೆ, ಹೀಗಾಗಿ ನಾವೂ ಅದೇ ಕಡೆಗಿದ್ದೇವೆ ಎಂಬುದಷ್ಟೇ ತಿಳಿದಿತ್ತು. ಅದೇ ಹೊತ್ತಿಗೆ ಮುಂಬಯಿ ಕಡೆಯಿಂದ ರೈಲಿನಲ್ಲಿ ಹೊಸ ಜ್ವರ ಕಲಬುರಗಿಗೆ ಬಂದಿಳಿಯಿತು. ಟಿಕೆಟ್ ಇಲ್ಲದ ಬಡವರನ್ನು ಕೈ ಹಿಡಿದು ನಿಲ್ಲಿಸುವ ಸ್ಟೇಶನ್ ಬಾಬು ಅದನ್ನು ಮಾತ್ರ ಸುಮ್ಮನೆ ಬಿಟ್ಟುಬಿಟ್ಟ.

ಸರ್ಕಾರಕ್ಕೆ ನಮ್ಮ ಜೀವದ ಮೇಲೆ ಕಾಳಜಿ ಹುಟ್ಟಿತು. ಲಡಾಯಿಯ ಹೊಸ ಯಂತ್ರಗಳು ಯಾವುವು, ಜ್ವರದಿಂದ ದೂರ ಇರುವುದು ಹೇಗೆ, ಎರಡನ್ನೂ ಮಾಸ್ತರರು ತಂತಮ್ಮ ಊರಿನವರಿಗೆ ಒಂದೇ ಸಂಜೆ ತಿಳಿಸಬೇಕು ಎಂದು ಹುಕುಂ ಆಯಿತು. ಎರಡು ಸಂಜೆಯಾದರೆ ದೀಪದ ಎಣ್ಣೆ ದಂಡ. ತಿಳಿಸುವುದು ಉರ್ದುವಿನಲ್ಲೇ ಆಗಬೇಕು, ಯಾಕೆಂದರೆ ವಿದ್ಯೆ ಆ ಬಾಗಿಲಿನಿಂದಲೇ ತಲೆಯೊಳಗೆ ಹೋಗುತ್ತದೆ ಎಂಬುದು ವಿದ್ಯಾ ಇಲಾಖೆಯವರ ನಂಬಿಕೆ. ಹೇಗೆ ತಿಳಿಸಬೇಕು ಎಂದು ತಿಳಿಸುವುದಕ್ಕೆ ಮಾಸ್ತರರನ್ನೆಲ್ಲ ಕಲಬುರಗಿಗೆ ಕರೆಸಿದರು.

ಇವರು ಅಲ್ಲಿನ ಶಹಾಬಜಾರದ ನನ್ನ ತವರುಮನೆಯಲ್ಲಿ ಇಳಿದುಕೊಂಡರು. ಆ ತರಬೇತಿಯಲ್ಲಿ ನಡೆದದ್ದನ್ನು ನನ್ನ ಅಣ್ಣನ ಮುಂದೆ ಹೇಳಿ ಹೇಳಿ ನಕ್ಕರಂತೆ. ಒಂದು ಕೋಣೆಯಲ್ಲಿ ಅಷ್ಟೂ ಮಾಸ್ತರರನ್ನು ತೊಡೆಗೆ ತೊಡೆ ತಾಗಿಸಿ ಕೂರಿಸಿದ್ದರು. ಗೋಡೆಯ ಮೇಲೆ ಬಿಡುವ ಮಾಯಾದೀಪದ ಚಿತ್ರ ಕಾಣಬೇಕಲ್ಲ, ಕಿಟಕಿಗಳಿಗೆಲ್ಲ ಕಂಬಳಿ ಹೊಡೆದಿದ್ದರು. ಆ ಕತ್ತಲಲ್ಲಿ, ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುತ್ತಿದ್ದಾಗ, ದೊಡ್ಡ ಸಾಹೇಬರೊಬ್ಬರು ಈ ದಿನಗಳಲ್ಲಿ ಗುಂಪು ಸೇರಬಾರದು, ಕಿಟಕಿ ತೆರೆದಿಡಬೇಕು ಎಂದು ಬಹಳ ಚೆನ್ನಾಗಿ ವಿವರಿಸಿದರು. ಹಿಂದಿನ ಸಾಲಿನವರು ಕೆಮ್ಮಿದ್ದಕ್ಕೆ ಎರಡು ಸಲ ಮಾತು ನಿಲ್ಲಿಸಬೇಕಾಯಿತಂತೆ.

ಮಾಯಾದೀಪದ ಪೆಟ್ಟಿಗೆಯನ್ನು ಗಾಡಿಯಲ್ಲಿ ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಇವರು ಕಮಲಾಪುರಕ್ಕೆ ಬಂದರು. ಸಣ್ಣಗೆ ಕೆಮ್ಮುತ್ತಿದ್ದರು. ಹಾದಿಯ ಧೂಳು ಎಂದರು. ಮರುದಿನ ಮಧ್ಯಾಹ್ನ ಭಾಷಣವನ್ನು ನನಗೆ ಕನ್ನಡದಲ್ಲಿ ಹೇಳಿ ತೋರಿಸಿದರು. ಜ್ವರ ಬಂದವರನ್ನು ಬೇರೆ ಮಲಗಿಸಬೇಕು, ಸಮೀಪ ಕೂರಬಾರದು, ಜ್ವರ ಬಿಟ್ಟ ಮೇಲೂ ಏಳಬಾರದು, ಎದ್ದರೆ ಅದು ಎದೆಗೆ ಇಳಿಯುತ್ತದೆ. ಇಷ್ಟೇ. ಇಡೀ ಊರಲ್ಲಿ ಆ ಭಾಷಣವನ್ನು ಕನ್ನಡದಲ್ಲಿ ಕೇಳಿದವಳು ನಾನೊಬ್ಬಳೇ.

ಸಂಜೆ ಸಾಲೆ ತುಂಬಿತು. ಮಾವನವರ ಹಳೆಯ ಧೋತರವನ್ನು ಗೋಡೆಗೆ ಕಟ್ಟಿ ಅದರ ಮೇಲೆ ಚಿತ್ರ ಬಿಟ್ಟರು. ಆಕಾಶದಲ್ಲಿ ಹಾರುವ ವಿಮಾನ ಬಂತು. ಊರ ಕೆರೆ ಬಿಟ್ಟರೆ ಬೇರೆ ನೀರು ಕಾಣದ ಮಂದಿಗೆ ಸಮುದ್ರದ ತಳದಲ್ಲಿ ಹೋಗುವ ಹಡಗು ಬಂತು. ವಿಷದ ಗಾಳಿ ತಾಗದಂತೆ ಮುಖಕ್ಕೆ ಚೀಲದಂಥದ್ದು ಕಟ್ಟಿಕೊಂಡ ಸಿಪಾಯಿಗಳು ಬಂದರು. ಅತ್ತೆ ನನ್ನ ಮೊಣಕೈ ಹಿಡಿದು, ಪಾಪ, ಇವರ ಮಾರಿಗೆ ಏನಾಗ್ಯಾದ ಎಂದು ಕೇಳಿದರು.

ಜ್ವರದ ಸರದಿ ಬಂದಾಗ ಚಿತ್ರ ಇರಲಿಲ್ಲ. ಮನುಷ್ಯರನ್ನು ಕೊಲ್ಲುವುದಕ್ಕೆ ಚಿತ್ರ ಮಾಡಿಸಿದ್ದರು, ಉಳಿಸುವುದಕ್ಕೆ ಮಾಡಿಸಿರಲಿಲ್ಲ. ಇವರು ಬರೆದುಕೊಂಡದ್ದನ್ನೇ ಓದಬೇಕಾಯಿತು. ಮುಂದೆ ಕುರ್ಚಿಯಲ್ಲಿ ಸಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಕೂತಿದ್ದರು, ನಡುವೆ ಒಂದು ಕನ್ನಡದ ಮಾತು ಸೇರಿಸುವುದಕ್ಕೂ ದಾರಿಯಿರಲಿಲ್ಲ. ನಮ್ಮ ಜನಕ್ಕೆ ಉರ್ದು ಬರುತ್ತದೆ, ಬಾರದೆ ಏನು. ಬಜಾರದಲ್ಲಿ ಚೌಕಾಶಿ ಮಾಡುವಷ್ಟು, ಗಾಡಿಯವನನ್ನು ಬಯ್ಯುವಷ್ಟು ಬರುತ್ತದೆ. ಇಲಾಖೆಯ ಉರ್ದು ಬೇರೆ. ಅದು ಕೋರ್ಟಿನಲ್ಲಿ ಹುಟ್ಟಿ ಕೋರ್ಟಿನಲ್ಲೇ ಬೆಳೆದದ್ದು. ಇವರು ಗಂಭೀರವಾಗಿ ಓದಿದರು, ಜನ ಗಂಭೀರವಾಗಿ ತಲೆದೂಗಿದರು. ಜ್ವರದ ಬಗ್ಗೆ ಏನೋ ಬಹಳ ಒಳ್ಳೆಯ ಮಾತು ಎಂದು ಎಲ್ಲರಿಗೂ ತಿಳಿಯಿತು. ಇನ್ಸ್‌ಪೆಕ್ಟರ್ ಸಾಹೇಬರು ಸಂತೋಷಪಟ್ಟು ಸುತ್ತಲಿನ ಹಳ್ಳಿಗಳ ತಪಾಸಣೆಗೆ ಹೋದರು.

ಮರುದಿನವೇ ಇವರು ಮಲಗಿದರು. ಮೈ ಕೆಂಡ. ಸುದ್ದಿ ತಿಳಿದ ಕೂಡಲೇ ಊರು ಮಾತಾಡಿಸಲು ಬಂತು. ಬಂದವರೆಲ್ಲ ಹೊಗಳಿದ್ದು ಭಾಷಣವನ್ನೇ.

"ಏನ್ ಛಂದ ಮಾತಾಡಿದ್ರಿ ಮಾಸ್ತರ! ಖರೆ ಹೇಳ್ತೀನಿ, ಒಂದ ಮಾತೂ ತಿಳೀಲಿಲ್ಲ. ಆದ್ರ ಕೇಳಾಕ ಭಾಳ ಛಲೋ ಇತ್ತು ನೋಡ್ರಿ," ಎಂದು ಎದುರು ಮನೆಯ ಗೌಡರು ಹಾಸಿಗೆಯ ಅಂಚಿನಲ್ಲೇ ಕೂತು ಹಣ್ಣು ಸುಲಿದರು.

ದೂರ ಕೂರಿ, ಸಮೀಪ ಬರಬೇಡಿ ಎಂದು ಇವರು ಮಲಗಿದಲ್ಲಿಂದಲೇ ಹೇಳಿದರು. ದನಿ ಕ್ಷೀಣವಾಗಿತ್ತು. ಏನಂದ್ರಿ ಎಂದು ಗೌಡರು ಕಿವಿಯನ್ನು ಇವರ ಬಾಯಿಯ ಹತ್ತಿರಕ್ಕೇ ತಂದರು. ಕೇಳಿಸಿಕೊಂಡ ಮೇಲೆ, ಇಂಥ ಹೊತ್ತಿನಲ್ಲೂ ಮಂದಿಯ ಚಿಂತೆ ಮಾಡುತ್ತಾರಲ್ಲ, ಮಾಸ್ತರ ಅಂದರೆ ಮಾಸ್ತರ ಎಂದು ಕಣ್ಣು ಒರೆಸಿಕೊಂಡರು. ಅಲ್ಲೇ ಕೂತಿದ್ದರು.

ಚಿತ್ರದ ಸಿಪಾಯಿಗಳು ನೆನಪಾಗಿ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಮಾಸ್ತರ ಹೆಂಡತಿ ಲಡಾಯಿಗೆ ಹೊಂಟಾಳ ಎಂದು ಹೆಂಗಸರು ನಕ್ಕರು. ಅತ್ತೆಗೆ ನಾಚಿಕೆಯಾಗಿ, ತಲೆಯ ಮೇಲೆ ಸೆರಗಿದ್ದರೆ ಸಾಕು, ಬಂದವರ ಮುಂದೆ ಮೂಗು ಮುಚ್ಚಿಕೊಂಡರೆ ಅವರು ನಾರುತ್ತಾರೆ ಅಂದ ಹಾಗೆ ಆಗುತ್ತದೆ ಎಂದು ಬಿಚ್ಚಿಸಿದರು. ನಾಲ್ಕು ದಿನ ಬಾಗಿಲು ಹಾಕೋಣ ಎಂದು ನಾನು ಅವರ ಕಾಲು ಹಿಡಿಯುವುದೊಂದು ಬಾಕಿ.

"ಹೆಣ ಇದ್ದ ಮನಿ ಬಾಗಿಲಾನೂ ಯಾರೂ ಹಾಕಂಗಿಲ್ಲವ್ವಾ," ಎಂದರು ಅತ್ತೆ. "ಜೀವಂತ ಇದ್ದವನ ಬಾಗಿಲ ಹಾಕ್ತೀಯೇನು?"

ಇವರನ್ನೇ ಕೇಳಿದೆ. ಬಂದವರ ಮಕ್ಕಳೇ ನನ್ನ ಸಾಲೆಗೆ ಬರುತ್ತವೆ, ಹೊರಗೆ ಹೋಗಿ ಎಂದು ಯಾವ ಬಾಯಿಂದ ಹೇಳಲಿ ಎಂದರು. ಊರಿಗೆಲ್ಲ ಓದಿ ಹೇಳಿದ್ದನ್ನು ಒಬ್ಬ ಮನುಷ್ಯನ ಮುಖ ನೋಡಿ ಹೇಳಲು ಅವರಿಂದ ಆಗಲಿಲ್ಲ.

ಬಾರದೆ ಇದ್ದವಳು ಒಬ್ಬಳೇ, ಗೋಡೆಯಾಚೆಯ ಮುಸಲ್ಮಾನರ ಮನೆಯ ಖಾಲಾ. ಅವಳ ಗಂಡ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ತೀರಿಕೊಂಡಿದ್ದ. ಮುಂಜಾನೆ ಸಂಜೆ ಗೋಡೆಯಾಚೆಯಿಂದಲೇ, ಬೇಟಿ, ಮಾಸ್ತರ್ ಹೆಂಗದಾರ ಎಂದು ಕೂಗಿ ಕೇಳುತ್ತಿದ್ದಳು. ಇಷ್ಟು ವರ್ಷದ ನಂಟು, ಹತ್ತು ಹೆಜ್ಜೆ ನಡೆದು ಬರಲಾರದೆ ಹೋದಳು ಎಂದು ಅತ್ತೆ ಮುಖ ತಿರುಗಿಸಿದರು. ನನಗೂ ಬೇಸರವಾಗಿತ್ತು. ಒಂದು ದಿನ ನೀರಿನ ಕೊಡ ಇಳಿಸಿ, ಯಾಕೆ ಖಾಲಾ, ನಮ್ಮ ಮೇಲೆ ಸಿಟ್ಟೇನು ಎಂದು ಕೇಳಿಬಿಟ್ಟೆ.

"ನಿನ್ನ ಗಂಡನ ಮಾತು ಕೇಳಾಕತ್ತೀನಿ ಬೇಟಿ," ಎಂದಳು. "ಬರಬ್ಯಾಡ್ರಿ ಅಂತ ಸಾಲ್ಯಾಗ ಅವನೇ ಹೇಳಿದ್ನಲ್ಲ. ನೀವ್ಯಾರೂ ಕೇಳಲಿಲ್ಲೇನು?"

ಆ ಭಾಷಣ ನಮ್ಮೂರಲ್ಲಿ ಒಬ್ಬಳಿಗಾದರೂ ಮುಟ್ಟಿತು. ಇಲಾಖೆಯವರು ಸಮಾಧಾನಪಡಬಹುದು.

ಇಷ್ಟಾದರೂ ಇವರ ಜ್ವರ ಇಳಿಯಿತು. ನುಚ್ಚಿನ ಗಂಜಿ ಕುಡಿದರು. ಬಾಳೆಹಣ್ಣಿನ ರಾಶಿ ನೋಡಿ, ಸಂತೆಗೆ ಒಯ್ದು ಮಾರಿಬಿಡೋಣವೇನು ಎಂದು ನಗೆಯಾಡಿದರು. ನಾನು ಮನಸ್ಸಿನಲ್ಲೇ ದೇವರಿಗೆ ಕಾಯಿ ಒಡೆದೆ. ಇನ್ನು ಕೆಲವು ದಿನ ಎದ್ದೇಳದೆ ಮಲಗಿದರೆ ಆಯಿತು, ಅಷ್ಟೇ ಉಳಿದದ್ದು.

ಆಗ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆ ಮುಗಿಸಿ ಕಲಬುರಗಿಗೆ ಮರಳುವ ಹಾದಿಯಲ್ಲಿ ನಮ್ಮ ಅಂಗಳಕ್ಕೆ ಬಂದರು. ಒಳ್ಳೆಯ ಮನುಷ್ಯರು. ತಮ್ಮ ಕೈಕೆಳಗಿನ ಮಾಸ್ತರನ ಮನೆಯ ತನಕ ಬರುವ ಅಧಿಕಾರಿಗಳು ಎಷ್ಟು ಜನ ಇದ್ದಾರು? ಅತ್ತರು ಹಚ್ಚಿದ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಬೇವಿನ ಗಿಡದ ಕೆಳಗೆ ನಿಂತರು. ರೋಗಿ ಇರುವ ಮನೆಯೊಳಗೆ ಹೋಗಬಾರದೆಂದು ಕಾಯದೆ ಇದೆ, ಅವರು ಕಾಯದೆ ಮುರಿಯುವವರಲ್ಲ. ಆದ್ದರಿಂದ ರೋಗಿಯನ್ನೇ ಹೊರಗೆ ಕರೆಸಿದರು.

ಇವರು ಎದ್ದು ಕೂತು ಕೋಟು ಕೇಳಿದರು. ನಾನು ಕೋಟನ್ನು ಎದೆಗೆ ಅವಚಿಕೊಂಡು ನಿಂತೆ.

"ಬ್ಯಾಡ್ರಿ," ಎಂದೆ. "ಏಳಬಾರದು ಅಂತ ನೀವ ಹೇಳೀರಿ."

"ಸಾಹೇಬರು ಅಂಗಳದಾಗ ನಿಂತಾರ. ನಾ ಮಲಕೊಂಡ ಇರ್ಲೇನು? ಕೊಡು ಇಲ್ಲಿ."

ಅತ್ತೆ ನನ್ನ ಕೈಯಿಂದ ಕೋಟು ತೆಗೆದುಕೊಂಡು ಮಗನಿಗೆ ತೊಡಿಸಿದರು. ರುಮಾಲೂ ಸುತ್ತಿಕೊಂಡರು. ಹೊರಗೆ ಥಂಡಿ ಗಾಳಿ ಬಿಟ್ಟಿತ್ತು. ಸಾಹೇಬರು ಒಂದು ಮಾರು ದೂರದಲ್ಲಿ, ಇವರು ಒಂದು ಕೈಯನ್ನು ಕಟ್ಟೆಗೆ ಊರಿಕೊಂಡು ನಿಂತರು. ಸಾಹೇಬರು ಆರೋಗ್ಯ ವಿಚಾರಿಸಿದರು. ಆಮೇಲೆ ವಿಮಾನದ ಸುದ್ದಿ ಬಂತು. ಈಗಿನ ವಿಮಾನಗಳು ಮೊದಲಿನವಕ್ಕಿಂತ ಎತ್ತರಕ್ಕೆ ಹೋಗುತ್ತವೆ, ಮೇಲಿನಿಂದಲೇ ವೈರಿಯ ಅಡಿಗೆಮನೆಯ ಹೊಗೆ ಕಾಣುತ್ತದೆ, ಬರುವ ತಿಂಗಳು ಅದರ ಹೊಸ ಚಿತ್ರಗಳು ಬರಲಿವೆ ಎಂದರು. ತಾವು ನೋಡಿದ ಊರುಗಳಲ್ಲಿ ಕಮಲಾಪುರದಷ್ಟು ಸದ್ದಿಲ್ಲದೆ ಭಾಷಣ ಕೇಳಿದ ಊರು ಇನ್ನೊಂದಿಲ್ಲ, ಇದನ್ನು ಮೇಲಿನವರಿಗೆ ತಿಳಿಸುತ್ತೇನೆ ಎಂದರು. ಇವರು ಪ್ರತಿ ಮಾತಿಗೂ ಬಗ್ಗಿ ಸಲಾಮು ಮಾಡಿದರು. ನಾನು ಬಾಗಿಲ ಹಿಂದೆ ನಿಂತು ಇವರ ಮೊಣಕಾಲು ನಡುಗುವುದನ್ನು ನೋಡುತ್ತಿದ್ದೆ. ಆಕಾಶದಿಂದ ಹೊಗೆ ಕಾಣುತ್ತದಂತೆ, ಒಂದು ಮಾರಿನಿಂದ ಮೊಣಕಾಲು ಕಾಣಲಿಲ್ಲ.

ಸಾಹೇಬರು ಹೋದ ಮೇಲೆ ಕೋಟಿನ ಗುಂಡಿ ಬಿಚ್ಚಲು ಇವರ ಬೆರಳಿಗೆ ಆಗಲಿಲ್ಲ. ನಾನು ಬಿಚ್ಚಿದೆ. ಮರುದಿನ ಉಸಿರು ಮೇಲೇರಿತು, ಕೆಮ್ಮಿದರೆ ರಕ್ತ ಬಂತು. ಜ್ವರ ಎದೆಗೆ ಇಳಿದಿತ್ತು, ಅವರು ನನಗೆ ಓದಿ ಹೇಳಿದ ಹಾಗೆಯೇ. ಅದರ ಮರುದಿನ ಅವರಿರಲಿಲ್ಲ.

ಮಣ್ಣು ಕೊಡುವುದಕ್ಕೆ ಊರಿಗೆ ಊರೇ ಬಂತು. ಎಂಥ ಪುಣ್ಯವಂತ, ಎಷ್ಟು ಮಂದಿ ಸೇರಿದರು ಎಂದು ಈಗಲೂ ಹೇಳುತ್ತಾರೆ. ಹಾಗೆ ಸೇರಿದವರಲ್ಲಿ ಕೆಲವರನ್ನು ಹೊರುವುದಕ್ಕೆ ಆಮೇಲೆ ಮಂದಿ ಸಾಲದಾಯಿತು. ಎದುರು ಮನೆಯ ಗೌಡರೂ ಹೋದರು.

ಮಗನ ಮಣ್ಣು ಆರುವ ಮೊದಲೇ ಅತ್ತೆ ಮಲಗಿದರು. ಈ ಸಲ ನಾನು ಯಾರನ್ನೂ ಕೇಳಲಿಲ್ಲ. ಅವರನ್ನು ಒಳಕೋಣೆಯಲ್ಲಿ ಮಲಗಿಸಿ, ಹಿತ್ತಲ ಕಿಟಕಿ ತೆಗೆದು, ಮುಂದಿನ ಬಾಗಿಲು ಎಳೆದುಕೊಂಡು ಹೊಸ್ತಿಲ ಮೇಲೆ ಕೂತೆ. ಬರಿಗೈ, ಬರಿ ಹಣೆ, ಮೂಗಿಗೆ ಬಟ್ಟೆ. ಗಂಡ ಸತ್ತವಳು ಕೋಣೆಯ ಮೂಲೆಯಲ್ಲಿ ಕೂರಬೇಕು, ಇವಳು ಬೀದಿಗೆ ಮುಖ ಮಾಡಿ ಕೂತಿದ್ದಾಳೆ ಎಂದು ಬಂದವರು ಅಂಗಳದಲ್ಲೇ ನಿಂತು ಆಡಿಕೊಂಡರು. ಬಾಗಿಲು ತೆಗೆಯಲು ಹೇಳಿದರು.

"ಅತ್ತೀಗೆ ಜ್ವರ ಬಂದದ," ಎಂದೆ. "ಒಳಗ ಬಂದ್ರ ನಿಮಗೂ ಬರ್ತದ. ನಿಮ್ಮ ಮುಂದ ಎದ್ದು ಕುಂತ್ರ ಅವರು ಉಳಿಯಂಗಿಲ್ಲ. ಮಾಸ್ತರು ಸಾಲ್ಯಾಗ ಹೇಳಿದ್ದು ಇದನ್ನ."

ಇದನ್ನೇ ಬಂದವರಿಗೆಲ್ಲ ಹೇಳಿದೆ. ಇವರ ಭಾಷಣ ಕನ್ನಡದಲ್ಲಿ ಆದದ್ದು ಹೀಗೆ, ನಮ್ಮ ಹೊಸ್ತಿಲ ಮೇಲೆ. ಕೆಲವರು ತಂದ ಹಣ್ಣನ್ನು ಕಟ್ಟೆಯ ಮೇಲಿಟ್ಟು ಹೋದರು, ಕೆಲವರು ವಾಪಸು ಒಯ್ದರು. ಗಂಡನನ್ನು ನುಂಗಿಯಾಯಿತು, ಈಗ ಅತ್ತೆಯನ್ನು ನುಂಗುತ್ತಾಳೆ ಎಂದಳು ಒಬ್ಬಳು. ಒಳಗೆ ಅತ್ತೆ, ನನ್ನನ್ನು ಮಾತಾಡಿಸಲು ಬಂದವರನ್ನು ಹೊಳ್ಳಿ ಕಳಿಸುತ್ತಾಳಲ್ಲಪ್ಪ ಎಂದು ಅಳುತ್ತಿದ್ದರು. ಅಳು ದಿನದಿಂದ ದಿನಕ್ಕೆ ಸಣ್ಣದಾಯಿತು. ಅದು ಪೂರಾ ನಿಂತ ದಿನ ನನಗೆ ಬಾಗಿಲು ತೆರೆದು ಒಳಗೆ ನೋಡುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ಖಾಲಾ, ಬೇಟಿ, ಅಮ್ಮ ಹೆಂಗದಾಳ ಎಂದು ಕೂಗಿದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು.

"ಸತ್ತಿಲ್ಲ ಅಂತ ಹೇಳ್ ಆಕೀಗೆ. ಗ್ವಾಡಿ ಆಚಿಂದ ಮಾತಾಡ್ಸತಾಳ, ದೊಡ್ಡಾಕಿ."

ದನಿಯಲ್ಲಿ ಸಿಟ್ಟು ಗಟ್ಟಿಯಾಗಿತ್ತು. ಸೆರಗು ಬಾಯಿಗೆ ಒತ್ತಿಕೊಂಡು, ಇವರು ಹೋದ ಮೇಲೆ ಮೊದಲ ಸಲ ನಾನು ಅತ್ತುಬಿಟ್ಟೆ.

ಆಮೇಲೆ ಅತ್ತೆ ಬಹಳ ವರ್ಷ ಬದುಕಿದರು. ಬದುಕಿದ ಅಷ್ಟೂ ವರ್ಷ, ಜ್ವರ ಬಂದಾಗ ಒಬ್ಬರೂ ಮಾತಾಡಿಸದ ಹಾಗೆ ಸೊಸೆ ಮಾಡಿದಳು ಎಂದು ಬಂದ ಬಂದವರಿಗೆ ಹೇಳಿದರು. ನಾನು ಪಕ್ಕದಲ್ಲಿ ಅಕ್ಕಿ ಆರಿಸುತ್ತ ಕೇಳುತ್ತಿದ್ದೆ. ಹೆಣ್ಣುಮಕ್ಕಳ ಸಾಲೆ ಇವತ್ತಿಗೂ ಮಂಜೂರಾಗಿಯೇ ಇದೆ.

ನಿನ್ನೆ ಬಂದವರೂ ಅದೇ ಮಾತಾಡಿದರು. ಮಾಸ್ತರಿಗೆ ಎಷ್ಟು ಮಂದಿ ಬಂದಿದ್ದರು, ಪಾಪ, ಈ ಮುದುಕಿಗೆ ಆಗ ಒಬ್ಬರೂ ಇರಲಿಲ್ಲ ಎಂದರು. ಹೌದು ಎಂದೆ. ಎದ್ದು ಎಲ್ಲರಿಗೂ ಇನ್ನೊಮ್ಮೆ ನೀರು ಕೊಟ್ಟೆ. ಹೋಗುವಾಗ ಒಬ್ಬಳು, ಬಾಗಿಲು ಎಳೆದುಕೊಳ್ಳವ್ವಾ, ಗಾಳಿ ಬರುತ್ತದೆ ಎಂದಳು. ಇರಲಿ ಬಿಡ್ರಿ ಎಂದೆ. ಒಳಗೆ ಈಗ ಯಾರೂ ಮಲಗಿಲ್ಲ.