ಗುರುಬಸವಣ್ಣನ ಅರವತ್ತೆರಡನೆಯ ಆಟ

ನಮ್ಮಣ್ಣ ಗುರುಬಸವ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್. ವಯಸ್ಸು ನಲವತ್ತಾರು. ಮದುವೆಯ ಮಾತೆತ್ತಿದರೆ ಎದ್ದು ಹೋಗುವ ಚಾಳಿ. ಅವನಿಗಿದ್ದದ್ದು ಒಂದೇ ಹುಚ್ಚು. ತೊಂಬತ್ತರ ದಶಕದ ವಿಡಿಯೊ ಗೇಮ್ ಪೆಟ್ಟಿಗೆ, ಅದಕ್ಕೆ ಹಾಕುವ ಕ್ಯಾಸೆಟ್‌ಗಳು, ಅದರಲ್ಲೂ ಕತ್ತಿ ಹಿಡಿದು ಹಾರುವ, ಗುಂಡು ಹಾರಿಸುವ ಹೊಡೆದಾಟದ ಆಟಗಳು. ಎರ್ರಗಡ್ಡದ ಭಾನುವಾರದ ಸಂತೆಯಲ್ಲಿ ಹುಡುಕಿ ತರುತ್ತಿದ್ದ. ಒಂದೊಂದನ್ನೂ ಕೊನೆಯವರೆಗೆ ಆಡಿ, ನೋಟ್‌ಬುಕ್ಕಿನಲ್ಲಿ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿ, ಷರಾ ಬರೆಯುತ್ತಿದ್ದ. "ಸಂಗೀತ ಚೆನ್ನಾಗಿದೆ. ಮೂರನೇ ಹಂತದ ಸೇತುವೆ ಮಾಡಿದವನಿಗೆ ಬುದ್ಧಿ ಇಲ್ಲ. ಆರೂವರೆ." ಮುಗಿಸದ ಆಟಕ್ಕೆ ಅಂಕ ಇಲ್ಲ. ಈ ವಿಷಯದಲ್ಲಿ ಹೆಡ್‌ಮಾಸ್ತರರಿಗಿಂತ ಕಟ್ಟುನಿಟ್ಟು. ನಾನು ತಲೆ ಚಚ್ಚಿಕೊಳ್ಳುತ್ತಿದ್ದೆ.

"ಯಾರು ಓದ್ತಾರಣ್ಣ ಇದನ್ನ?"

"ನಾ ಓದ್ತೀನಲ್ಲ."

ಹೀಗೆ ಅರವತ್ತೊಂದು ಆಟ ಮುಗಿಸಿದ. ಅಷ್ಟರಲ್ಲಿ ಬಲಗೈ ಹೆಬ್ಬೆರಳು ಸೋಲತೊಡಗಿತು. ಅಂಗಿಯ ಗುಂಡಿ ಹಾಕಲಾಗದೆ ನನ್ನನ್ನು ಕರೆದ ದಿನ ಡಾಕ್ಟರ ಹತ್ತಿರ ಹೋದೆವು. ನರ ಒಣಗುತ್ತಿದೆ, ವಾಸಿಯಾಗುವುದಿಲ್ಲ ಎಂದರು. ಹೊರಗೆ ಬಂದವನೇ ಅಣ್ಣ, "ಇನ್ನೊಂದು ಆಟ ಮುಗಿಸೂತನಕ ತಡೆದ್ರ ಸಾಕು" ಎಂದ. ನನಗೆ ಸಿಟ್ಟು ಬಂತು, ಅಳುವೂ ಬಂತು.

ಆ ಆಟ ಏಳು ಕೋಟೆ ದಾಟುವ ಕತ್ತಿವೀರನದು. ಎಲ್ಲಿಯವರೆಗೆ ಆಡಿದೆವೆಂದು ಹಳೆಯ ಕ್ಯಾಸೆಟ್ ನೆನಪಿಡುವುದಿಲ್ಲ. ಪೆಟ್ಟಿಗೆ ಆರಿಸಿದರೆ ಮತ್ತೆ ಮೊದಲ ಕೋಟೆ. ಹಾಗಾಗಿ ಬೆರಳು ಮರಗಟ್ಟಿದಾಗ ಆಟ ತಡೆದು, ಟಿವಿ ಮಾತ್ರ ಆರಿಸಿ, ಪೆಟ್ಟಿಗೆಯನ್ನು ಚಾಲೂ ಬಿಡುತ್ತಿದ್ದ. ದಿನಕ್ಕೆ ಹತ್ತು ನಿಮಿಷದಂತೆ ಹತ್ತೊಂಬತ್ತು ದಿನ. ಖಂಡೇನವಮಿಯ ಹಿಂದಿನ ಸಂಜೆ ಕೊನೆಯ ರಾಕ್ಷಸ ಎದುರಾದ.

"ನಾಳೆ ರಜಾ ಐತಿ. ಬೆರಳಿಗೆ ಆರಾಮ ಕೊಟ್ಟು ಮುಗಸ್ತೀನಿ" ಎಂದ.

ಬೆಳಿಗ್ಗೆ ನಾವಿಬ್ಬರೂ ಸಾಮಾನಿಗೆಂದು ಬೇಗಂ ಬಜಾರಿಗೆ ಹೋಗಿ ಬರುವಷ್ಟರಲ್ಲಿ ನಮ್ಮವ್ವ ಸಾವಿತ್ರಿಬಾಯಿ ಪೂಜೆಗೆ ಹತ್ಯಾರ ಜೋಡಿಸಿದ್ದಳು. ಭಾಲ್ಕಿಯಿಂದ ಈ ತೆಲುಗು ನಾಡಿಗೆ ಬಂದು ಐವತ್ತು ವರ್ಷವಾದರೂ ಪದ್ಧತಿ ತಪ್ಪಿಲ್ಲ. ಕೈಯಲ್ಲಿ ಹಿಡಿದು ದುಡಿಯುವ ಪ್ರತಿಯೊಂದಕ್ಕೂ ಆ ದಿನ ಪೂಜೆ, ವಿಶ್ರಾಂತಿ. ಈಳಿಗೆ, ಕತ್ತರಿ, ನನ್ನ ಲ್ಯಾಪ್‌ಟಾಪ್ ಇದ್ದವು. ಎಲ್ಲಕ್ಕೂ ಮುಂದೆ, ವೈರು ಕಿತ್ತು ಸುತ್ತಿ, ವಿಭೂತಿ ಹಚ್ಚಿ, ಚೆಂಡುಹೂ ಏರಿಸಿದ ಆ ಪೆಟ್ಟಿಗೆ ಕೂತಿತ್ತು.

"ಅವ್ವಾ..." ಎಂದ ಅಣ್ಣ.

"ಇದಕ್ಕ ಮೊದಲ ಪೂಜಿ ಮಾಡೀನಪ್ಪ" ಎಂದಳು ಅವ್ವ ಸಂಭ್ರಮದಿಂದ. "ನಿನ್ನ ಬೆರಳಿಗೆ ಬಲಾ ಬರಲಿ ಅಂತ ಬೇಡ್ಕೊಂಡೀನಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ನನ್ನ ಮುಂಗೈ ಹಿಡಿದ. ಆ ಹಿಡಿತದಲ್ಲಿ ಶಕ್ತಿಯೇ ಇರಲಿಲ್ಲ. ಬಗ್ಗಿ ಪೆಟ್ಟಿಗೆಗೆ ನಮಸ್ಕಾರ ಮಾಡಿ, ವಿಭೂತಿ ಹಚ್ಚಿಕೊಂಡ.

ಮತ್ತೆ ಮೊದಲಿನಿಂದ ಶುರು ಮಾಡಿದ. ಮೂರನೆಯ ಕೋಟೆಗೇ ಬೆರಳು ಕೈಕೊಟ್ಟಿತು. ದೀಪಾವಳಿ ಹೊತ್ತಿಗೆ ಮೊದಲನೆಯದನ್ನೂ ದಾಟಲಾಗಲಿಲ್ಲ.

"ನಾ ಆಡ್ತೀನಿ, ನೀ ಅಂಕ ಹಾಕಣ್ಣ" ಎಂದೆ.

"ಬ್ಯಾಡೋ ಕಿರಣ. ನೀ ಆಡಿದ್ದಕ್ಕ ನಾ ಹ್ಯಾಂಗ ಅಂಕ ಹಾಕಲಿ?"

ಅವ್ವ ಮಾತ್ರ ದಿನಾ ಸಂಜೆ ಪಕ್ಕದಲ್ಲಿ ಬಂದು ಕೂರುತ್ತಿದ್ದಳು, ತನ್ನ ಪೂಜೆ ಫಲಿಸುವುದನ್ನು ನೋಡಲು. ಒಂದು ಸಂಜೆ ಕತ್ತಿವೀರ ಮೊದಲ ಕೋಟೆಯ ಮೊದಲ ಹಳ್ಳಕ್ಕೇ ಬಿದ್ದ. ಪರದೆಯ ಮೇಲೆ ಕೆಂಪು ಇಂಗ್ಲಿಷ್ ಅಕ್ಷರ ಮೂಡಿದವು. ಅವ್ವನಿಗೆ ಇಂಗ್ಲಿಷ್ ಬಾರದು.

"ಗೆದ್ದಿ ಏನಪ್ಪ?"

"ಗೆದ್ದೆ ಅವ್ವಾ."

"ಎಷ್ಟ ಅಂಕ ಹಾಕ್ತಿ?"

"ಹತ್ತಕ್ಕ ಹತ್ತು."

ಅವ್ವ ಅವನ ಹೆಬ್ಬೆರಳನ್ನು ಕಣ್ಣಿಗೊತ್ತಿಕೊಂಡಳು. ಅಣ್ಣನಿಗೆ ಈಗ ಪೆನ್ನೂ ನಿಲ್ಲುವುದಿಲ್ಲವಲ್ಲ ಎಂದು ನಾನೇ ನೋಟ್‌ಬುಕ್ ತೆರೆದೆ. ಅವನು ಅವ್ವನಿಗೆ ಕೇಳಿಸದಂತೆ, "ಬರೀಬ್ಯಾಡ" ಎಂದ.