ಹತೋಟಿಯಲ್ಲಿದ್ದ ಸಮುದ್ರ

ನಮ್ಮ ಸೋದರತ್ತೆ ಕರಾವಳಿ ಇಲಾಖೆಯಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತೆ. ದಿನಾ ಬೆಳಿಗ್ಗೆ ಬಂದರಿನ ಅಳತೆಕೋಲಿನಲ್ಲಿ ನೀರಿನ ಮಟ್ಟ ನೋಡಿ ಬರೆದುಕೊಳ್ಳುವುದು, ತಿಂಗಳಿಗೊಂದು ವರದಿ ಕಳಿಸುವುದು, ಇಷ್ಟೇ ಕೆಲಸ. ಸಮುದ್ರ ಕೆಳಗಿನ ಕೇರಿಗೆ ನುಗ್ಗಿ ಶಾಲೆಯ ಬೆಂಚುಗಳನ್ನು ತೇಲಿಸಿಕೊಂಡು ಹೋದ ತಿಂಗಳೂ ವರದಿಯ ಕೊನೆಯ ಸಾಲು ಒಂದೇ: ‘ಪರಿಸ್ಥಿತಿ ಹತೋಟಿಯಲ್ಲಿದೆ.’ ಹಾಗೆ ಬರೆಯದಿದ್ದರೆ ‘ನೀವೆಲ್ಲ ಏನು ಮಾಡುತ್ತಿದ್ದಿರಿ?’ ಎಂದು ಮೇಲಿನಿಂದ ನೋಟಿಸ್ ಬರುತ್ತಿತ್ತು. ಅತ್ತೆಯ ಮನೆಯೂ ಅದೇ ಕೇರಿಯಲ್ಲಿ. ಕಚೇರಿಯಲ್ಲಿ ಸಮುದ್ರವನ್ನು ಹತೋಟಿಗೆ ತಂದು, ಮನೆಗೆ ಬಂದು ಬಕೆಟಿನಲ್ಲಿ ಅದನ್ನು ಹೊರಗೆ ಚೆಲ್ಲುತ್ತಿದ್ದಳು ಮಹಾತಾಯಿ!

ಕೇರಿಗೊಂದು ತಡೆಗೋಡೆ ಬೇಕು, ಕಟ್ಟಲು ಸರ್ಕಾರದ ಬಳಿ ದುಡ್ಡಿಲ್ಲ. ಹತ್ತಾರು ದೇಶಗಳು ಸೇರಿ ಇಟ್ಟಿರುವ ಹವಾಮಾನ ನಿಧಿಗೆ ನಮ್ಮ ದೇಶ ಅರ್ಜಿ ಹಾಕಿತು. ವಾಪಸ್ ಬಂತು. ಮತ್ತೆ ಹಾಕಿತು. ಮತ್ತೆ ವಾಪಸ್, ಈ ಸಲ ಜೊತೆಗೊಂದು ಪತ್ರ: ‘ನಿಮ್ಮದೇ ವರದಿಗಳ ಸಾರಾಂಶ ನೋಡಿದೆವು. ಎಲ್ಲವೂ ಹತೋಟಿಯಲ್ಲಿದೆಯಲ್ಲ, ಗೋಡೆ ಯಾಕೆ?’ ಸಾರಾಂಶ ಮಾಡಿದ ಪುಣ್ಯಾತ್ಮರು ಬರೀ ಕೊನೆಯ ಸಾಲುಗಳನ್ನು ಎತ್ತಿ ಕಳಿಸಿದ್ದರು. ಮೂರನೇ ಸಲವೂ ಬಿದ್ದುಹೋದರೆ ಇನ್ನು ಐದು ವರ್ಷ ಅರ್ಜಿ ಹಾಕುವಂತಿಲ್ಲ. ಅಷ್ಟು ದಿನ ಕೇರಿಯೇ ಉಳಿಯುವುದಿಲ್ಲ ಎಂದು ಎಂಜಿನಿಯರ್ ಆಗಲೇ ಕೈ ಚೆಲ್ಲಿದ್ದ.

“ಹಳೇ ತಾರೀಕು ಹಾಕಿ ಹೊಸ ವರದಿ ಬರೆದುಬಿಡಿ” ಎಂದರು ಇಲಾಖೆಯ ನಿರ್ದೇಶಕರು. ಸುಳ್ಳಿಗೆ ಇನ್ನೊಂದು ಸುಳ್ಳಿನ ತೇಪೆ! ಅತ್ತೆ ಕಪಾಟಿನಿಂದ ಮುನ್ನೂರ ಹನ್ನೆರಡು ವರದಿಗಳನ್ನೂ ಇಳಿಸಿ, ಒಂದೊಂದರ ಕೊನೆಯ ಸಾಲಿಗೂ ಕೆಂಪು ಗೀಟು ಎಳೆದು, ಪಕ್ಕದಲ್ಲಿ ‘ಇದು ಸುಳ್ಳು’ ಎಂದು ಬರೆದು ಸಹಿ ಹಾಕತೊಡಗಿದಳು.

“ಅಮ್ಮಾ, ಹೀಗೆ ನೀವೇ ಬರ್ಕೊಟ್ರೆ ಕೆಲಸದಿಂದ ತೆಗೀಬೇಕಾಗುತ್ತೆ. ಪಿಂಚಣಿಗೆ ಹದಿನಾಲ್ಕೇ ತಿಂಗಳು ಇರೋದು” ಎಂದು ನಿರ್ದೇಶಕರು ಎಚ್ಚರಿಸಿದರು.

ಸುದ್ದಿ ಕೇಳಿ ನನಗೂ ರೇಗಿತು. “ತಲೆ ಕೆಟ್ಟಿದೆಯಾ ಅತ್ತೆ? ನಾಳೆ ಹೊಟ್ಟೆಗೇನು ಮಾಡ್ತೀಯ?”

“ಮನೇನೇ ಮುಳುಗಿದ ಮೇಲೆ ಪಿಂಚಣಿ ಯಾವ ವಿಳಾಸಕ್ಕೆ ತರಿಸ್ಕೊಳ್ಳಲಿ?” ಎಂದಳು.

ಮೂರನೇ ಅರ್ಜಿ ಹೋದ ಮೇಲೆ ನಿಧಿಯ ಕಡೆಯಿಂದ ಮೂವರು ವಿಚಾರಣೆಗೆ ಬಂದರು. ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ವರದಿಗಳ ಪೆಟ್ಟಿಗೆ ಹೊತ್ತು ತಂದ ನಾನು ಸಭೆಯ ಕೋಣೆಯ ಬಾಗಿಲಲ್ಲೇ ನಿಂತೆ. ಮೂವರಲ್ಲಿ ಹಿರಿಯಾಕೆ ಕೆಂಪು ಗೀಟುಗಳನ್ನು ನೋಡಿ, “ಇದನ್ನೆಲ್ಲ ಬರೆದವರು ಯಾರು?” ಎಂದು ಕೇಳಿದಳು. ನಿರ್ದೇಶಕರು ಫ್ಯಾನ್ ನೋಡಿದರು.

“ನಾನೇ” ಎಂದು ಅತ್ತೆ ಎದ್ದು ನಿಂತಳು. “ಕೊನೇ ಸಾಲು ಸುಳ್ಳು. ಅದರ ಮೇಲಿರೋ ಅಂಕಿಗಳೆಲ್ಲ ಕೋಲು ನೋಡಿ ಬರೆದಿದ್ದು, ಅವು ನಿಜ.”

“ಇಪ್ಪತ್ತಾರು ವರ್ಷ ಸುಳ್ಳು ಬರೆದವರ ಅಂಕಿಗಳನ್ನ ಹೇಗೆ ನಂಬೋದು?”

ಅತ್ತೆ ನಿರ್ದೇಶಕರ ಕಡೆ ಕೈ ತೋರಿದಳು.

“ಸಾಹೇಬರು ಓದ್ತಿದ್ದಿದ್ದು ಕೊನೇ ಸಾಲು ಮಾತ್ರ ಕಣಮ್ಮಾ. ಯಾರೂ ಓದದೇ ಇರೋ ಜಾಗದಲ್ಲಿ ಸುಳ್ಳು ಬರೆದು ನನಗೇನು ಲಾಭ?”

ಹಿರಿಯಾಕೆ ಕಣ್ಣು ಕಣ್ಣು ಬಿಟ್ಟಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೂ ಸುಮ್ಮನೆ ಬಿಡಲಿಲ್ಲ. ಅಂಕಿಗಳನ್ನೆಲ್ಲ ಒಯ್ದು ಪಕ್ಕದ ದೇಶದ ಬಂದರಿನ ದಾಖಲೆಯೊಂದಿಗೆ ತಾಳೆ ಹಾಕಿಸಿದಳು. ಒಂದು ಬೆರಳಿನಷ್ಟೂ ವ್ಯತ್ಯಾಸ ಸಿಗಲಿಲ್ಲ.

ಏಳನೇ ವಾರ ಒಪ್ಪಿಗೆ ಪತ್ರ ಬಂತು. ಗೋಡೆಗೆ ಪೂರ್ತಿ ಹಣ ಮಂಜೂರು! ಕೇರಿಗೆ ಕೇರಿಯೇ ಬೀದಿಗಿಳಿದು ಕುಣಿಯಿತು. ಅತ್ತೆ ಮಾತ್ರ ತಲೆ ಬಾಚಿಕೊಂಡು, ನನ್ನನ್ನೂ ಕರೆದುಕೊಂಡು, ತನ್ನ ವಜಾ ಆದೇಶ ತರಲು ಕಚೇರಿಗೆ ಹೊರಟಳು. ಆದೇಶ ಟೈಪಾಗಿ ಮೇಜಿನ ಮೇಲೆ ಕೂತಿತ್ತು. ನಿರ್ದೇಶಕರು ಪೆನ್ನು ಕೆಳಗಿಟ್ಟು ಒಪ್ಪಿಗೆ ಪತ್ರದ ನಾಲ್ಕನೇ ಷರತ್ತನ್ನು ಓದಿ ಹೇಳಿದರು: ‘ಗೋಡೆ ಕಟ್ಟುವ, ಆಮೇಲೆ ಅದನ್ನು ಪರೀಕ್ಷಿಸುವ ಒಟ್ಟು ಆರು ವರ್ಷವೂ ಅಳತೆಯ ವರದಿ ಇದೇ ಗುಮಾಸ್ತೆ ಬರೆಯಬೇಕು. ಬೇರೆಯವರು ಬರೆದರೆ ಹಣ ನಿಲ್ಲುತ್ತದೆ.’

“ಆರು ವರ್ಷಾನಾ!” ಅತ್ತೆ ಕುರ್ಚಿಗೆ ಕುಸಿದು, ಅಷ್ಟು ದಿನ ತಡೆದಿದ್ದನ್ನೆಲ್ಲ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಕಣ್ಣೂ ನಿಲ್ಲಲಿಲ್ಲ. ಗಾಬರಿಯಾದ ನಿರ್ದೇಶಕರು ಆದೇಶವನ್ನು ಹರಿದು ಬುಟ್ಟಿಗೆ ಹಾಕಿ, “ಇನ್ನೇನಾದ್ರೂ ಬೇಕಾ ಅಮ್ಮಾ?” ಎಂದರು.

ಅತ್ತೆ ಮೂಗು ಒರೆಸಿಕೊಂಡಳು. “ನಾಳೆ ಬೆಳಿಗ್ಗೆ ಕೋಲಿನ ಹತ್ರ ಬನ್ನಿ ಸಾರ್. ನೀರು ಎಲ್ಲಿಗೆ ಬಂದಿದೆ ಅಂತ ನೀವೂ ಒಂದ್ಸಲ ನೋಡಿ.”

ಮರುದಿನ ಅವರು ಬಂದರು, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು.